ಮೂರನೆಯ ಕಂಪನಿ

ಮೂವತ್ತೊಂದು ವರ್ಷ ಕುವೊಪಿಯೊದ ಡಿಪೋದಲ್ಲಿ ಕೂತು
ಬಸ್ಸುಗಳಿಗೆ ಹೊತ್ತು ಹಂಚಿದವಳು ನಾನು.
ಈಗ ರಾತ್ರಿ, ಊಟದ ಮೇಜಿನ ಮೇಲೆ, ಸೈನ್ಯ ಕಟ್ಟುತ್ತೇನೆ.
ಕೆಲಸ ಹೆಚ್ಚೇನೂ ಬದಲಾಗಿಲ್ಲ:
ಯಾರು ಯಾರ ಕೈಕೆಳಗೆ, ಎಷ್ಟು ಹೊತ್ತಿಗೆ ಎಲ್ಲಿಗೆ,
ಸೇತುವೆ ಒಂದೇ ಇದ್ದರೆ ಮೊದಲು ದಾಟುವವರು ಯಾರು.

ಪರದೆಯ ಎಡಕ್ಕೆ ಒಂದು ತಲೆಕೆಳಗಾದ ಮರ.
ಬುಡದಲ್ಲಿ ಕೋರ್, ಅದರಡಿ ಡಿವಿಜನ್, ರೆಜಿಮೆಂಟ್,
ಬೆಟಾಲಿಯನ್, ಕೊನೆಗೆ ಎಲೆಗಳ ಹಾಗೆ ಕಂಪನಿಗಳು.
ಒಂದೊಂದನ್ನೂ ಅದರದರ ಕೊಂಬೆಗೇ ನೇತುಹಾಕಬೇಕು.
ಮೊನ್ನೆ ಸೇತುವೆ ಕಟ್ಟುವವರನ್ನು ಕಣ್ತಪ್ಪಿ
ಫಿರಂಗಿಯವರ ಕೊಂಬೆಗೆ ಸಿಕ್ಕಿಸಿಬಿಟ್ಟಿದ್ದೆ.
ಆಟ ಓಡಿಸಿ ನೋಡಿದರೆ
ಗುಡ್ಡದ ನೆತ್ತಿಯಲ್ಲಿ ಫಿರಂಗಿಗಳು, ಪಕ್ಕದಲ್ಲೇ
ದೋಣಿ ಹಲಗೆ ಹೊತ್ತ ಹದಿನಾಲ್ಕು ಲಾರಿ!
ಕೆಳಗೆ ಹೊಳೆಯ ದಂಡೆಯಲ್ಲಿ ಇಡೀ ರೆಜಿಮೆಂಟು
ಕೊನೆಯ ಬಸ್ಸು ತಪ್ಪಿದವರಂತೆ ನಿಂತಿತ್ತು.

ಯಂತ್ರಕ್ಕೆ ಅಂದಾಜು ಗೊತ್ತಿಲ್ಲ. ಕಣ್ಸನ್ನೆ ತಿಳಿಯದು.
ಹೋಗು ಅಂದರೆ ಹೋಗುತ್ತದೆ, ನೀರಿಗೂ.
ಕಾದುಕೋ ಅಂದರೆ ಬೂದಿಯಾಗುವ ತನಕ ಕಾಯುತ್ತದೆ.
ಹಾಗಾಗಿ ಆಜ್ಞೆಯನ್ನು ಅಮ್ಮಂದಿರ ಹಾಗೆ ಬರೆಯಬೇಕು:
ನಾಲ್ಕನೆಯ ಸರದಿಯ ತನಕ ಗರಗಸದ ಮಿಲ್ಲಿನ ಬಳಿ ಇರು;
ಎಡಗಡೆಯವರು ಸರಿದರೆ ನೀನೂ ಸರಿ;
ಅರ್ಧಕ್ಕಿಂತ ಹೆಚ್ಚು ಜನ ಹೋದರೆ
ಯಾರನ್ನೂ ಕೇಳಬೇಡ, ಬಾ.

ಎಲ್ಲರಿಗೂ ಬರೆದೆ. ಸೈಕಲ್ ತುಕಡಿಗೆ, ತಂತಿ ಎಳೆಯುವವರಿಗೆ.
ಎದುರಾಳಿಯ ಟ್ಯಾಂಕುಗಳಿಗೂ ನಾನೇ ಬರೆದೆ, ಅಷ್ಟೇ ಮುತುವರ್ಜಿಯಿಂದ;
ಸೋಲಬೇಕಾದವರಿಗೂ ಒಂದು ಒಳ್ಳೆಯ ದಾರಿ ತೋರದಿದ್ದರೆ
ಅದು ಆಟವೇ ಅಲ್ಲ.
ಒಂದು ಖಾನೆ ಮಾತ್ರ ಖಾಲಿ ಬಿಟ್ಟೆ.

ಬ್ರನೋದಿಂದ ಕ್ತಿಬೋರ್, ನನ್ನ ಆಟಗಳನ್ನು ಆಡಿ ಪರೀಕ್ಷಿಸುವ ಹುಡುಗ,
ಬರೆಯುತ್ತಾನೆ: 'ಬಲಗಡೆ ಜೌಗಿನಲ್ಲಿ
ಮೂರನೆಯ ಕಂಪನಿ ಅಲ್ಲಾಡುವುದಿಲ್ಲ.
ಹತ್ತು ಸಲ ಆಡಿದೆ. ಹತ್ತೂ ಸಲ ಅಲ್ಲೇ ಸತ್ತರು.
ಆಜ್ಞೆ ಹಾಕಲು ಮರೆತಿರಬೇಕು, ಹಿಲ್ಕಾ ಅವರೇ.'

ಮರೆತಿಲ್ಲ.
ದೊಡ್ಡಪ್ಪ ತೌನೊ ಆ ಕಂಪನಿಯಲ್ಲಿದ್ದ.
ಬೆಟಾಲಿಯನ್ನಿನ ದಿನಚರಿಯಲ್ಲಿ, ಪೆನ್ಸಿಲಿನಲ್ಲಿ, ಒಂದೂವರೆ ಸಾಲು:
'ತಂತಿ ಕಡಿದಿದೆ. ಮೂರಕ್ಕೆ ಓಟಗಾರನನ್ನು ಕಳಿಸಿದೆ.
ತಲುಪಿದ್ದು ಗೊತ್ತಿಲ್ಲ.'

ಒಂದು ರಾತ್ರಿ ಆ ಖಾಲಿ ಖಾನೆಯಲ್ಲಿ ಬರೆದೆ:
ಎರಡನೆಯ ಸರದಿ, ಹಿಂದೆ ಬಾ.
ಬಂದರು. ತೊಂಬತ್ತಾರು ಜನ, ಒಂದು ಚಿಕ್ಕ ಹಸಿರು ಬಿಲ್ಲೆ,
ಪೈನ್ ಮರಗಳ ದಿಬ್ಬ ಹತ್ತಿ ಈಚೆ ಇಳಿದರು.
ಅವರು ತೆರವು ಮಾಡಿದ ಕಂಡಿಯಿಂದ ಟ್ಯಾಂಕುಗಳು ನುಗ್ಗಿ
ಮಿಲ್ಲು, ಸೇತುವೆ, ಆಸ್ಪತ್ರೆಯ ಡೇರೆ...
ಐದನೆಯ ಸರದಿಗೆ ಎಲ್ಲ ಮುಗಿದಿತ್ತು.
ಕಾಫಿ ಕಾಸಿಕೊಂಡೆ. ಆಜ್ಞೆ ಅಳಿಸಿದೆ.
ಅಳಿಸಿದ ಬೆರಳನ್ನು ನೋಡುತ್ತ ಮೊದಲ ಸಲ ಅನಿಸಿತು:
ಆ ಓಟಗಾರನನ್ನು ನಿಜಕ್ಕೂ ಕಳಿಸಿದ್ದರೇ?

ಆಮೇಲೆ ಕಂಡಿತು, ಕಟ್ಟಕಡೆಯ ಕೊಂಬೆಯಲ್ಲಿ,
ಅಡುಗೆಯ ಗಾಡಿ: ದಾಳಿ ಸೊನ್ನೆ, ರಕ್ಷಣೆ ಒಂದು, ಎರಡು ಕುದುರೆ.
ಅದನ್ನು ರೆಜಿಮೆಂಟಿನಿಂದ ಬಿಡಿಸಿ ಮೂರನೆಯವರಿಗೆ ಕೊಟ್ಟೆ.
ಮೊದಲ ಸರದಿ, ಕತ್ತಲಿರುವಾಗಲೇ, ಜೌಗಿನ ಅಂಚಿನ ತನಕ.
ಬಟಾಣಿ ಸಾರು, ರೈ ರೊಟ್ಟಿ; ಅದು ಯಂತ್ರದ ಲೆಕ್ಕದಲ್ಲಿಲ್ಲ, ನನ್ನದರಲ್ಲಿದೆ.
ಗೆಲುವು ಸೋಲು ಕೂದಲೆಳೆಯಷ್ಟೂ ಕದಲಲಿಲ್ಲ.
ಅವರ ಆಯಾಸ ಮಾತ್ರ ಎಂಟರಿಂದ ಆರಕ್ಕೆ ಇಳಿಯಿತು.

ಕ್ತಿಬೋರನಿಗೆ ಉತ್ತರಿಸಿದೆ: ತಪ್ಪಲ್ಲ, ಹಾಗೇ ಇರಲಿ.
ಮರುದಿನ ಮತ್ತೆ ಅವನ ಪತ್ರ:
'ಸರಿ. ಆದರೆ ಈ ಅಡುಗೆ ಗಾಡಿ?
ಇದಕ್ಕೆ ವಾಪಸು ಬರುವ ಆಜ್ಞೆಯೇ ಇಲ್ಲವಲ್ಲ.'

ಅದನ್ನು
ನಾನು ನಿಜಕ್ಕೂ ಮರೆತಿದ್ದೆ.