ಉಸಿರುಮುತ್ತಿನ ಬೆಲೆ

ಹಗಲು, ಮನಾಮದ ಚಿನ್ನದ ಗಲ್ಲಿಯಲ್ಲಿ
ನನ್ನದು ತಕ್ಕಡಿ ಕೆಲಸ.
ಗಾಜಿನ ಗೂಡೊಳಗಿನ ತಕ್ಕಡಿ ಅದು,
ಯಾರಾದರೂ ನಿಟ್ಟುಸಿರಿಟ್ಟರೂ ಅಂಕೆ ಅಲುಗುತ್ತದೆ.
ತೂಕ, ಕ್ಯಾರೆಟ್ಟು, ಮಜೂರಿ, ಸವಕಳಿ:
ಕೂಡಿಸಿದರೆ ಬೆಲೆ. ಅದರಲ್ಲಿ ಮಂತ್ರವೇನಿಲ್ಲ.

ಗುರುವಾರ ರಾತ್ರಿ ನನಗೆ ಬೇರೆ ಅಂಗಡಿ,
ಗುದೈಬಿಯಾದಲ್ಲಿ, ಸಿಪ್ರಿಯನ್‌ನ ಊಟದ ಮೇಜು.
ಇಪ್ಪತ್ತು ಮುಖದ ದಾಳ, ಚೌಕುಳಿ ಹಾಳೆ,
ಕರಕ್ ಚಹಾದ ಫ್ಲಾಸ್ಕು.
ಸರಕು, ಎಲ್ಲಿಯೂ ಇಲ್ಲದ್ದು.
ಗಿರಾಕಿಗಳು, ಇಬ್ಬರು ಮಂತ್ರಗಾರರು, ಒಬ್ಬ ಕೊಡಲಿಯವ.

ಐರಿನ್ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ನರ್ಸು,
ಆಟದಲ್ಲಿ ಮುನ್ನೂರು ವರ್ಷದ ಮಂತ್ರವಾದಿನಿ.
"ದಿನಕ್ಕೆ ಎರಡೇ ದೊಡ್ಡ ಮಂತ್ರ ಕೊಟ್ಟಿದ್ದೀಯ,
ಮೂರನೆಯದಕ್ಕೆ ಬಾಯಿ ತೆರೆದರೆ ಬರಿಗಾಳಿ.
ಖರ್ಚಾದದ್ದನ್ನು ಹಿಂದೆ ತರುವಂಥದ್ದೇನಾದರೂ
ಮಾಡಿಕೊಡು ಮಾರಾಯ."

ಮಾಡಿದೆ. ಒಂದು ಮುತ್ತು.
ಈ ದ್ವೀಪದಲ್ಲಿ ಕೂತು ಇನ್ನೇನು ಹೊಳೆದೀತು?
ನಾಲಗೆಯಡಿ ಇಟ್ಟರೆ ಮುಗಿದ ಮಂತ್ರ ಮತ್ತೆ ಚಿಗುರಬೇಕು.
ಐನೂರು ಹೊನ್ನು ಎಂದು ಬರೆದೆ, ಕೈಗೆ ಬಂದಂತೆ.

ಮುನವ್ವರ್‌ನದು ಸ್ಪೇರ್ ಪಾರ್ಟ್ಸ್ ವ್ಯಾಪಾರ,
ಸಗಟು ಬಿಟ್ಟು ಚಿಲ್ಲರೆ ಅರಿಯದವ.
ಲೂಟಿಯ ದುಡ್ಡಲ್ಲಿ ನಾಲ್ಕು ಕೊಂಡ,
ಎರಡು ಐರಿನ್‌ಗೆ, ಎರಡು ತನಗೆ.
ಮೂರು ತಿಂಗಳು ನಾನು ಸಾಕಿದ ಉಪ್ಪಿನ ಡ್ರ್ಯಾಗನ್
ಚಹಾ ಆರುವ ಮೊದಲೇ ಸತ್ತುಬಿತ್ತು.
ಎತ್ತಿದ ಕೊಡಲಿ ಎತ್ತಿದಂತೆಯೇ ಸಿಪ್ರಿಯನ್,
"ಹಾಗಾದರೆ ನಾನು ಪಾತ್ರೆ ತೊಳೆಯಲಾ?" ಅಂದ.

ಈ ವಾರ ಮತ್ತೆ ಲೆಕ್ಕಕ್ಕೆ ಕೂತೆ.
ಐದು ಸಾವಿರ ಎಂದರೆ ಕೊಳ್ಳಲಾರರು;
ಕೊಳ್ಳಲಾಗದ್ದು ಗೋಡೆಯ ಮೇಲಿನ ಕ್ಯಾಲೆಂಡರ್ ಚಿತ್ರ.
ಎರಡು ಸಾವಿರ ಎಂದರೆ ಇಂದಲ್ಲ ನಾಳೆ ಕೂಡಿಸಿಯಾರು,
ಮತ್ತೊಂದು ಡ್ರ್ಯಾಗನ್ ಅನಾಥ ಹೆಣ.
ದಿನಕ್ಕೊಮ್ಮೆ? ತಲೆಗೊಂದೇ? ಸಣ್ಣ ಮಂತ್ರಕ್ಕೆ ಮಾತ್ರ?
ಬರೆದೆ, ಉಜ್ಜಿದೆ, ಹಾಳೆ ತೂತಾಯಿತು.
ಚಿನ್ನಕ್ಕಾದರೆ ಬೆಳಿಗ್ಗೆ ಬೆಳಿಗ್ಗೆ ದರ ಬರುತ್ತದೆ.
ಎರಡನೇ ಸಲ ಸಿಗುವ ಮಾತಿಗೆ
ಯಾವ ಪೇಟೆಯಲ್ಲಿ ವಿಚಾರಿಸಲಿ?

ನಿನ್ನೆ ಮುದುಕ ಜಾಸಿಮ್ ಬಂದಿದ್ದರು,
ಕೆಂಪು ಬಟ್ಟೆಯ ಗಂಟು ಬಿಚ್ಚುತ್ತ.
ತಿಂಗಳಿಗೊಮ್ಮೆ ಬರುತ್ತಾರೆ. ಮಾರುವುದಿಲ್ಲ.
ಅಜ್ಜ ಕಡಲ ತಳದಿಂದ ತಂದ ಒಂದೇ ಒಂದು ಮುತ್ತು,
ತೂಗಿಸಿಕೊಂಡು ಹೋಗುತ್ತಾರೆ, ಅಷ್ಟೆ.
ಗಾಜಿನ ಬಾಗಿಲು ಸರಿಸಿ ಒಳಗಿಟ್ಟೆ.
ಅಂಕೆ ನಿಲ್ಲುವ ತನಕ
ಅವರೂ ಉಸಿರು ಹಿಡಿದಿದ್ದರು, ನಾನೂ.
"ಅಜ್ಜ ಹೇಳುತ್ತಿದ್ದರು," ಗಂಟು ಕಟ್ಟುತ್ತ ಅಂದರು,
"ಮುಳುಗಿದವನ ಹೆಸರು ಎಲ್ಲರಿಗೂ ಗೊತ್ತು,
ಮೇಲೆ ಹಗ್ಗ ಹಿಡಿದವನದು ಯಾರಿಗೂ ಗೊತ್ತಿಲ್ಲ."

ಬಿಲ್ಲಿನ ಹಿಂಬದಿಯಲ್ಲೇ ಬರೆದುಕೊಂಡೆ:
ಉಸಿರುಮುತ್ತು. ಎಂಟುನೂರು ಹೊನ್ನು.
ಬಾಯಲ್ಲಿಟ್ಟವರು ಒಂದು ಸುತ್ತು ಉಸಿರಾಡಕೂಡದು,
ಮಾತಾಡಕೂಡದು, ಕದಲಕೂಡದು.
ನಡುವೆ ಪೆಟ್ಟು ಬಿದ್ದರೆ ಮುತ್ತು ಪುಡಿ, ಮಂತ್ರ ಮರಳುಪಾಲು.
ಮಂತ್ರ ಬಾರದ ಒಬ್ಬರು ಪಕ್ಕದಲ್ಲಿ ನಿಂತು
ಹಗ್ಗ ಹಿಡಿದಿರಬೇಕು.

"ಆರುನೂರಕ್ಕೆ ಕೊಡು," ಮುನವ್ವರ್ ಶುರುಮಾಡಿದ.
ಮಜೂರಿ ಬೇಕಾದರೆ ಬಿಡುತ್ತೇನೆ ಅಂದೆ,
ಉಸಿರು ಬಿಡುವ ಹಾಗಿಲ್ಲ.

ಈಗ ಗಂಟೆ ಹನ್ನೊಂದೂವರೆ.
ಗುಹೆಯಲ್ಲಿ ಏಡಿಯ ಮೈಯ ರಾಕ್ಷಸರು ಮೂವರು,
ಐರಿನ್‌ಳ ಮಂತ್ರಗಳೆಲ್ಲ ಖಾಲಿ.
ಮುತ್ತು ಬಾಯಿಗಿಟ್ಟೆ ಎಂದವಳೇ
ನಿಜವಾಗಿ ಉಸಿರು ಕಟ್ಟಿದಳು.
ಯಾರೂ ಹೇಳಿರಲಿಲ್ಲ ಹಾಗೆ ಮಾಡೆಂದು.
ಸಿಪ್ರಿಯನ್ ಕುರ್ಚಿ ಬಿಟ್ಟೆದ್ದು
ಅವಳ ಬೆನ್ನಹಿಂದೆ ನಿಂತ, ಕೈಯಲ್ಲಿ ಅನ್ನದ ಸೌಟು.
ಎಸಿಯ ಗೊರಗೊರ ಬಿಟ್ಟರೆ ಸದ್ದಿಲ್ಲ.

ರಾಕ್ಷಸರ ಪರವಾಗಿ ನಾನು ದಾಳ ಎಸೆದೆ.
ಮೇಜಿನುದ್ದ ಉರುಳಿ, ಫ್ಲಾಸ್ಕಿಗೆ ಬಡಿದು,
ಬುಗುರಿಯಂತೆ ಒಂದೇ ಮೂಲೆಯ ಮೇಲೆ ತಿರುಗುತ್ತಿದೆ.
ಐರಿನ್‌ಳ ಕೆನ್ನೆ ಕೆಂಪೇರುತ್ತಿದೆ.
"ಬೇಗ ಬೀಳೋ," ಎನ್ನುತ್ತಿದ್ದಾನೆ ಸಿಪ್ರಿಯನ್,
ದಾಳಕ್ಕೆ.