ನೀಲಿ ಗೆರೆ

ಬಲ್ಬೀನಾ ನನ್ನನ್ನು ಕರೆಸಿದ್ದು ಅಕ್ಟೋಬರಿನಲ್ಲಿ,
ಗಲೀಸಿಯಾದ ಕಡಲಂಚಿನ ಒಂದು ದಿಬ್ಬಕ್ಕೆ.
ನಾನು ಗೂಡು ಕೀಳುವವ. ಪುರಸಭೆಯ ಸಂಬಳ,
ಮಡಚುವ ಉದ್ದನೆಯ ಕೋಲು, ಬಿಳಿ ದಿರಿಸು,
ಬೇಸಿಗೆಯಿಡೀ ನಿದ್ದೆಗೆಟ್ಟ ಕಣ್ಣು.

ಜೇನುಪೆಟ್ಟಿಗೆಗಳ ಮುಂದೆ ಕೂತಿದ್ದಳು
ಮೊಮ್ಮಗನ ಬ್ಯಾಡ್ಮಿಂಟನ್ ರ‍್ಯಾಕೆಟ್ ಹಿಡಿದು.
ಎಪ್ಪತ್ತಾರರ ಹೆಂಗಸು, ರಬ್ಬರ್ ಬೂಟು,
ಕಡಜವೊಂದು ಬಿದ್ದರೆ ಬೈಗುಳವೊಂದು.
"ಇವತ್ತಿಗೆ ನಲವತ್ತೊಂದು" ಎಂದಳು, ನಮಸ್ಕಾರದ ಬದಲು.

ಹಳದಿ ಕಾಲಿನವು. ಪೆಟ್ಟಿಗೆಗೆ ಬೆನ್ನು ಮಾಡಿ
ಗಾಳಿಯಲ್ಲೇ ನಿಂತು ಕಾಯುತ್ತವೆ,
ಸುಂಕದ ಕಟ್ಟೆಯವರ ಹಾಗೆ.
ಹೂವಿನಿಂದ ಭಾರವಾಗಿ ಬರುವವಳನ್ನೇ ಹಿಡಿದು
ತಲೆ ಕತ್ತರಿಸಿ, ರೆಕ್ಕೆ ಉದುರಿಸಿ
ಎದೆಯನ್ನಷ್ಟೇ ಉಂಡೆ ಕಟ್ಟಿ ಒಯ್ಯುತ್ತವೆ.

"ಸತ್ತವರು ಎಷ್ಟಾದಾರು? ಕಿವಿಯಿಟ್ಟು ನೋಡು."
ಇಟ್ಟೆ. ಒಳಗೆ ತುಂಬಿದ ಮನೆ, ಪಿಸುಮಾತಿನಷ್ಟು ಸದ್ದು.
ಕಲ್ಲುಗೋಡೆಯ ಮೇಲೆ ಐವಿ ಬಳ್ಳಿ ಹೂ ಬಿಟ್ಟಿದೆ,
ಒಬ್ಬಳೂ ಹೊಸಿಲು ದಾಟುತ್ತಿಲ್ಲ.

ಒಂದನ್ನು ಗಾಜಿನ ಲೋಟದಲ್ಲಿ ಹಿಡಿದು
ಬೆನ್ನಿಗೆ ಬಿಳಿ ಬಣ್ಣದ ಬೊಟ್ಟಿಟ್ಟು ಬಿಟ್ಟೆ.
ಗಡಿಯಾರ ಅವಳ ಕೈಯಲ್ಲಿ.
ಆರು ನಿಮಿಷಕ್ಕೆ ಮರಳಿ ಬಂತು.
ನಮ್ಮ ಕಸುಬಿನ ಲೆಕ್ಕ, ನಿಮಿಷಕ್ಕೆ ನೂರು ಮೀಟರು.

ಕಾಯುವಾಗ ಹೇಳಿದಳು:
"ಮಡಕೆ ಕುಡಿಕೆಯ ಪೆಟ್ಟಿಗೆಯಲ್ಲಿ ಬಂದಳಂತೆ, ಒಬ್ಬಳೇ,
ಚೀನಾದಿಂದ ಫ್ರಾನ್ಸಿಗೆ, ಹೊಟ್ಟೆಯಲ್ಲಿ ಊರನ್ನೇ ಹೊತ್ತು.
ನಾನೂ ಒಬ್ಬಳೇ ಹೋದವಳು, ಬಾಸೆಲ್ಲಿಗೆ,
ಹನ್ನೊಂದು ವರ್ಷ ಹೋಟೆಲಿನ ಹಾಸಿಗೆ ಹಾಸಿದೆ.
ಯಾರ ತಲೆಯನ್ನೂ ಕತ್ತರಿಸಲಿಲ್ಲಪ್ಪ."

ಕಾಗದದ ಕಾರ್ಖಾನೆಗೆಂದು ನೆಟ್ಟ ನೀಲಗಿರಿ ತೋಪು.
ತುದಿಯಲ್ಲಿ ಇವುಗಳ ಕಾಗದ,
ಹರವಿಯಷ್ಟು ದೊಡ್ಡದು.
ರಾತ್ರಿ ಕೋಲೆತ್ತಿ ವಿಷದ ಪುಡಿ ಊದಿದೆ.
ಒಳಗಿನ ಗುಂಯ್‌ಗುಟ್ಟು ಮೊದಲು ಏರಿತು,
ಆಮೇಲೆ ಮಳೆ ನಿಂತ ಮೇಲಿನ ಸೂರಿನಂತೆ
ಹನಿಹನಿಯಾಗಿ ನಿಂತಿತು.

ಬೆಳಿಗ್ಗೆ ಇಳಿಸಿ, ಸೀಳಿದೆ.
ಬೂದಿ ಬಣ್ಣ, ಕಂದು ಬಣ್ಣ, ಮತ್ತೆ ಬೂದಿ,
ನಡುವೆ ಒಂದು ಗೆರೆ ನೀಲಿ.
ಬಲ್ಬೀನಾ ಕನ್ನಡಕ ಹಾಕಿಕೊಂಡಳು.

ಎವಾರಿಸ್ತೋನ ದೋಣಿಯ ನೀಲಿ ಅದು.
ದೋಣಿ ಮಾರಿದ ವರ್ಷ ಡಬ್ಬಿಯಲ್ಲುಳಿದ ಬಣ್ಣವನ್ನು
ಗಂಡ ಹೆಂಡತಿ ಕೂಡಿ ಜೇನುಪೆಟ್ಟಿಗೆಗೆ ಬಳಿದಿದ್ದರು.
ಅದನ್ನೇ ಹೆರೆದು, ಜಗಿದು, ಎಂಜಲಲ್ಲಿ ಕಲಸಿ
ಇವು ತಮ್ಮ ಕೂಸುಗಳಿಗೆ ಗೋಡೆ ಎಬ್ಬಿಸಿದ್ದವು.

"ಕಳ್ಳಮುಂಡೇವು" ಎಂದಳು, ತುಂಬ ಮೆಲ್ಲಗೆ.
ಬೆರಳಗಲದ ಚೂರೊಂದನ್ನು ಮುರಿದು
ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.
"ಮಿಕ್ಕಿದ್ದು ಸುಡು."

ಸುಟ್ಟು ಬಂದಾಗ
ಪೆಟ್ಟಿಗೆಯ ಮುಂದೆ ಒಂದೇ ಒಂದು ಕಡಜ ತೂಗಾಡುತ್ತಿತ್ತು,
ಬೆನ್ನ ಮೇಲೆ ಬಿಳಿ ಬೊಟ್ಟು.
ಹಿಡಿದರೂ ಒಯ್ಯಲು ಮನೆಯಿಲ್ಲ.

ರ‍್ಯಾಕೆಟ್ ಎತ್ತಿದವಳು
ಎತ್ತಿದಂತೆಯೇ ನಿಂತಳು, ಬಹಳ ಹೊತ್ತು.
ನಾನು ಕೋಲು ಮಡಚುತ್ತ ಬೇರೆಡೆ ನೋಡಿದೆ.

ಟಪ್ಪೆಂದಿತು.
"ಒಂದು" ಎಂದಳು.