ಕಲಂ ಏಳು

ಕರಿಹಳ್ಳದ ಒಡ್ಡಿಗೆ ನನ್ನ ಅಪ್ಪನ ವಯಸ್ಸು.
ಅಪ್ಪ ಹೋದ. ಒಡ್ಡು ಇದೆ.
ಮೂರು ಸಲ ಮಾರಾಟವಾಗಿದೆ:
ಹಂಚಿನ ಕಾರ್ಖಾನೆಯ ಸಾಹುಕಾರ, ಆಮೇಲೆ ಅವನ ಅಳಿಯ,
ಈಗ ಪುಣೆಯಲ್ಲೆಲ್ಲೋ ಇರುವ ಒಂದು ರುಜು.
ಪ್ರತಿ ಸಲವೂ ಕ್ರಯಪತ್ರದಲ್ಲಿ
ಎರಡು ಟರ್ಬೈನು, ಐದು ಗೇಟು, ಸೋರುವ ಕ್ವಾರ್ಟರ್ಸಿನ ಜತೆ
ನಾನೂ ಕೈ ಬದಲಾಯಿಸಿದ್ದೇನೆ.

ನನ್ನ ಕೆಲಸ ಸಣ್ಣದು. ಬೆಳಿಗ್ಗೆ ಆರಕ್ಕೆ
ಒಡ್ಡಿನ ಬುಡಕ್ಕೆ ಇಳಿದು
ಗೋಡೆ ರಾತ್ರಿಯೆಲ್ಲ ಬೆವರಿದ್ದನ್ನು ಅಳೆಯುವುದು.
ತಗಡಿನ ಕಚ್ಚಿನಲ್ಲಿ ನೀರು ಎಷ್ಟು ಬೆರಳು,
ಬಣ್ಣ ಏನು.
ತಿಳಿ ಇದ್ದರೆ ಚಹಾ ಕುಡಿ, ಕದಡಿದ್ದರೆ ಓಡು:
ಅಪ್ಪ ಕಲಿಸಿದ ಇಂಜಿನಿಯರಿಂಗು ಇಷ್ಟೇ.
ಮೂವತ್ತೊಂದು ವರ್ಷ ‘ತಿಳಿ’ ಎಂದೇ ಬರೆದೆ.
ಒಂದು ಆಷಾಢದಲ್ಲಿ ಮಾತ್ರ
ಬೇರೊಂದು ಶಬ್ದ ಬರೆದು, ಸಂಜೆ ಹೊಡೆದು ಹಾಕಿದೆ.
ಆ ಗೀಟು ಯಾಕೆಂದು ಯಾರೂ ಕೇಳಲಿಲ್ಲ.

ತೆಹ್ಸೀನಾ ಮೇಡಂ ಭಟ್ಕಳದವರು.
ಸಣ್ಣ ಸುತ್ತಿಗೆಯಿಂದ ಕಲ್ಲು ತಟ್ಟಿ ಕಿವಿಗೊಟ್ಟರು,
ಹಲಸು ಬಲಿತಿದೆಯೇ ಎಂದು ನೋಡುವ ಹಾಗೆ.
‘ಗಟ್ಟಿ ಇದೆ ಮೇಡಂ, ಸುರ್ಕಿ ಗಾರೆ’ ಎಂದೆ,
ಗಂಡಿನ ಕಡೆಯವನ ಜಂಬದಲ್ಲಿ.
‘ಇರಬಹುದು. ಆದರೆ ವರ್ಗ ಗೋಡೆಯದ್ದಲ್ಲ.
ಒಡೆದರೆ ಕೆಳಗೆ ಯಾರಿದ್ದಾರೆ, ಅದರದ್ದು.’

ಅಷ್ಟು ವರ್ಷ ಗೋಡೆಗೆ ಮುಖ ಮಾಡಿ ನಿಂತವನು
ಆವತ್ತು ತಿರುಗಿದೆ.

ಹಳೇ ಕಾಗದದಲ್ಲಿ ನಮ್ಮದು ‘ತಗ್ಗು ಅಪಾಯ’.
ನಕ್ಷೆಯಲ್ಲಿ ಕೆಳಗೆಲ್ಲ ಹಸಿರು ಬಣ್ಣ, ನಡುವೆ ನೀಲಿ ದಾರ,
ಕಾಳಿ ನದಿಯ ಹಿನ್ನೀರಿನ ತನಕ ಒಂದೂ ಮನೆಯಿಲ್ಲ.
ಬರೆದಾಗ ಸುಳ್ಳಲ್ಲ.
ಆಮೇಲೆ, ನೌಕಾನೆಲೆಗೆ ಕಡಲದಂಡೆ ಬಿಟ್ಟುಕೊಟ್ಟವರು ಬಂದರು,
ನಲವತ್ಮೂರು ಮನೆ, ಒಂದು ಅಂಗನವಾಡಿ,
ಸೀಗಡಿ ಹೊಂಡ, ಸಾಂತಾನನ ಗ್ಯಾರೇಜು.
ಒಮ್ಮೆ ನೀರಿಗಾಗಿ ಎದ್ದುಹೋದವರು
ಮತ್ತೆ ನೀರಿನ ಕೆಳಗೇ.

ಕಲಂ ಏಳು: ಕೆಳಪಾತ್ರದ ಜನ.
ಕಾಯಂ ಎಷ್ಟು, ಅಪರೂಪಕ್ಕೆ ಎಷ್ಟು.

‘ಬಳಚು ಹೆಕ್ಕುವವರನ್ನ ಯಾವುದಕ್ಕೆ ಹಾಕಲಿ?
ಇಳಿತಕ್ಕೆ ಬರ್ತಾರೆ, ಭರತಕ್ಕೆ ಹೋಗ್ತಾರೆ.
ಇಲ್ಲಿ ವಾಸ ಇಲ್ಲ.’
‘ಎಷ್ಟು ಹೊತ್ತು ಇರ್ತಾರೆ?’
‘ನಾಲ್ಕು ತಾಸು.’
‘ನಾಲ್ಕು ತಾಸು ವಾಸ ಇದ್ದಾರಲ್ಲ’ ಎಂದರು.

ರಾತ್ರಿ ಮ್ಯಾನೇಜರರ ಫೋನು:
‘ಅಪರೂಪಕ್ಕೆ ಅಂತ ಬರೆಸು ಮಾರಾಯ.
ವರ್ಗ ಏರಿದರೆ ಖರ್ಚು ಏರ್ತದೆ,
ಖರ್ಚು ಏರಿದರೆ ಯಾರು ಇಳೀತಾರೆ, ಗೊತ್ತುಂಟಲ್ಲ.’

ಮರುದಿನ ಇಳಿತಕ್ಕೆ ದಿಬ್ಬಕ್ಕೆ ಹೋದೆ.
ಅಲ್ಲಿಂದ ಒಡ್ಡು ಕಾಣುವುದೇ ಇಲ್ಲ, ಗುಡ್ಡ ಅಡ್ಡ.
ಸೊಂಟದವರೆಗೆ ನೀರು, ಕಾಲಬೆರಳಲ್ಲೇ ಹುಡುಕುವ ಹೆಂಗಸರು.
ಮೂವತ್ತೆಂಟು. ಮುಳುಗಿದ್ದ ಒಬ್ಬಳು ಎದ್ದಳು, ಮೂವತ್ತೊಂಬತ್ತು.

‘ಎಂತಾ ಎಣಿಸ್ತೆ?’ ಕೇಳಿದಳು ಹೊನ್ನಿ.
‘ಮಧ್ಯಾಹ್ನದ ಸೈರನ್ನು ಇಲ್ಲಿಗೆ ಕೇಳ್ತದಾ?’
‘ಕೇಳೂದಿಲ್ಲ ಅಂದ್ರೆ! ಕಂಪ್ನಿಯವ್ರ ಊಟದ್ದಲ್ದಾ ಅದು?
ಅದು ಕೂಗದ್ ಮೇಲೇ ನಾವೂ ಬುತ್ತಿ ಬಿಚ್ಚೂದು.’

ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.
ಫಾರಂ ಅಂಗಿಯೊಳಗಿತ್ತು, ಬೆವರಿಗೆ ಮೆತ್ತಗಾಗಿ.
ಹಿಮ್ಮಡಿಗೆ ನೀರು ಮುಟ್ಟಿತು, ಮೀನಖಂಡಕ್ಕೆ ಏರಿತು.
ಭರತದ ಹೊತ್ತು, ಭರತದ್ದೇ ಇರಬೇಕು.
ಆದರೂ ಬಗ್ಗಿ
ಮೊದಲು ಬಣ್ಣ ನೋಡಿದೆ.